ನಮ್ಮ ಭಾವ ಸ್ಕೋಪ್ ತಗೊಂಡದ್ದು

ನಮ್ಮ ಭಾವ ಸ್ಕೋಪ್ ತಗೊಳ್ಳುವುದು ಊರಿಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ನಮ್ಮಕ್ಕನ ಮುಂದೆ ತಗೊಂಡರು, ಆಮೇಲೆ ಅಂಗಡಿಗೆ ಬಂದ ಗಿರಾಕಿಗಳ ಮುಂದೆ ತಗೊಂಡರು, ಯಾರೂ ಸಿಗದ ದಿನ ಕನ್ನಡಿಯ ಮುಂದೆ ನಿಂತು ತಗೊಂಡರು. ಜಂಬ ಕೊಚ್ಚುವುದಕ್ಕೆ ನಮ್ಮ ಓಣಿಯಲ್ಲಿ ಇರುವ ಮಾತೇ ಅದು. ಆದರೆ ಈ ಸಲ ಅವರು ತಗೊಂಡದ್ದು ನಿಜವಾದ ಸ್ಕೋಪು. ಬಂದೂಕಿನ ಮೇಲೆ ಕೂರಿಸಿ ದೂರದ್ದನ್ನು ಹತ್ತಿರಕ್ಕೆ ತಂದು ನೋಡುವ ಕರಿ ಕೊಳವೆ. ಅದರಿಂದ ಏನೇನಾಯಿತು ಎಂದು ಹೇಳಿದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಈಗ ನಡು ಮಧ್ಯಾಹ್ನದಲ್ಲಿ ಊರಾಚೆಯ ಬಂದೂಕಿನ ಮೈದಾನಕ್ಕೆ ಒಬ್ಬನೇ ಹೋಗಿ ಬಾ ಎಂದರೆ ನಾನು ಹೋಗುವವನಲ್ಲ, ಮೊದಲೇ ಹೇಳಿಬಿಡುತ್ತೇನೆ.

ಭಾವನದು ಕನ್ನಡಕದ ಅಂಗಡಿ. ಬೀದಿಯ ಮೂಲೆಯಲ್ಲಿ, ದೊಡ್ಡದೊಂದು ಕಣ್ಣು ಬರೆದ ಹಲಗೆಯ ಕೆಳಗೆ, ಸಾಣೆಯ ಮುಂದೆ ಕೂತು ಗಾಜಿನ ಅಂಚು ಉಜ್ಜುತ್ತಿರುತ್ತಾರೆ. ಊರಿನ ಅರ್ಧ ಜನಕ್ಕೆ ಕಣ್ಣು ಕಾಣಿಸುವಂತೆ ಮಾಡಿದವರು ಅವರೇ. ಅವರ ಮೂಗಿನ ಮೇಲಿನ ದಪ್ಪ ಕನ್ನಡಕ ತೆಗೆದರೆ ಮಾತ್ರ ಎದುರಿಗಿರುವುದು ಕಂಬವೋ ಹೆಂಡತಿಯೋ ಅವರಿಗೆ ತಿಳಿಯುವುದಿಲ್ಲ. ಒಂದು ಸಲ ಕಂಬಕ್ಕೆ ಕ್ಷಮೆ ಕೇಳಿದ್ದನ್ನು ನಾನೇ ಕಂಡಿದ್ದೇನೆ. ನಾನು ಪಕ್ಕದ ಬೀದಿಯ ಛಾಪಾಖಾನೆಯಲ್ಲಿ ಅಚ್ಚಿನ ತಪ್ಪು ತಿದ್ದುವವನು. ದಿನವೆಲ್ಲ ಬೇರೆಯವರ ತಪ್ಪು ನೋಡಿ ನೋಡಿ ನನ್ನ ಸ್ವಭಾವ ಸ್ವಲ್ಪ ಹುಳಿಯಾಗಿದೆ ಎಂದು ಅಕ್ಕ ಹೇಳುತ್ತಾಳೆ. ಊಟ ಅವಳ ಮನೆಯಲ್ಲೇ ಆದ್ದರಿಂದ ನಾನು ಎದುರು ಮಾತಾಡುವುದಿಲ್ಲ.

ಎಲ್ಲ ಶುರುವಾದದ್ದು ಬಂದೂಕು ಸಂಘದ ಕಾರ್ಯದರ್ಶಿ ತಮ್ಮ ಕನ್ನಡಕದ ಮುರಿದ ಕಡ್ಡಿ ಸರಿಮಾಡಿಸಿಕೊಳ್ಳಲು ಅಂಗಡಿಗೆ ಬಂದಾಗ. ಪಾಪ, ಆ ಮನುಷ್ಯನ ಮುಖ ಬಾಡಿಹೋಗಿತ್ತು. ಊರಾಚೆಯ ಗುರಿಮೈದಾನವನ್ನು ಪುರಸಭೆಯವರು ಹಳೇ ಬಸ್ಸು ನಿಲ್ಲಿಸುವುದಕ್ಕೆ ಕೇಳುತ್ತಿದ್ದರು. ಪುರಸಭೆಯ ಸಾಹೇಬರು ಕೊನೆಗೆ ಒಂದು ಮಾತು ಕೊಟ್ಟಿದ್ದರಂತೆ: ಈ ಸಲದ ಪಂದ್ಯದಲ್ಲಿ ಪೊಲೀಸರ ತಂಡವನ್ನು ಸೋಲಿಸಿದರೆ ಮೈದಾನ ಸಂಘದ್ದು, ಸೋತರೆ ಬಸ್ಸುಗಳದ್ದು.

"ನಮ್ಮದೇನೂ ಹೋಗಲ್ಲ ಬಿಡಿ, ನಾವು ಮನೇಲಿ ಕೂತ್ಕೋತೀವಿ. ಆದ್ರೆ ನಮಗೆ ಕಲಿಸೋ ಗುರಿಮಾಸ್ತರು ಎಲ್ಲಿಗೆ ಹೋಗ್ತಾರೆ? ಮೈದಾನದಲ್ಲಿರೋ ಆ ತಗಡಿನ ರೂಮು ಬಿಟ್ರೆ ಅವರಿಗೆ ಬೇರೆ ಸೂರಿಲ್ಲ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಒಂದು ಒಳ್ಳೇ ಸ್ಕೋಪ್ ಇದ್ದಿದ್ರೆ ಗೆಲ್ಲಬಹುದಿತ್ತು. ಯಾವುದು ತಗೋಬೇಕು ಅಂತಾನೇ ಗೊತ್ತಾಗ್ತಿಲ್ಲ" ಎಂದರು ಕಾರ್ಯದರ್ಶಿ.

ಭಾವ ಸಾಣೆ ನಿಲ್ಲಿಸಿದರು. ಅವರು ಸಾಣೆ ನಿಲ್ಲಿಸಿ ಕನ್ನಡಕ ಹಣೆಗೇರಿಸಿದರೆಂದರೆ ಏನೋ ಅನಾಹುತ ಕಾದಿದೆ ಎಂದೇ ಅರ್ಥ.

"ಗಾಜಿನ ವಿಷಯ ನನ್ನ ಕೇಳ್ದೆ ಇನ್ಯಾರನ್ನ ಕೇಳ್ತೀರಿ? ಹುಟ್ಟಿದಾಗಿಂದ ಗಾಜೇ ನೋಡ್ತಿದ್ದೀನಿ. ಬಂದೂಕಿನ ಗಾಜೇನು ಆಕಾಶದಿಂದ ಇಳಿದು ಬಂದಿದ್ಯಾ? ನಾನಿದ್ದೀನಿ, ನೀವು ನೆಮ್ಮದಿಯಾಗಿ ಹೋಗಿ" ಎಂದರು.

ಮರುದಿನ ನಾವಿಬ್ಬರೂ ಪಟ್ಟಣದ ಬಂದೂಕು ಅಂಗಡಿಗೆ ಹೋದೆವು. ಅಂಗಡಿಯವನು ಸಣಕಲು ಮನುಷ್ಯ, ಮಾತು ಮೆಲ್ಲಗೆ. ಒಂದೊಂದೇ ಸ್ಕೋಪನ್ನು ಬಟ್ಟೆಯ ಮೇಲಿಟ್ಟು ವಿವರಿಸತೊಡಗಿದ. ಗಾಜು ತಿಳಿಯಾಗಿರಬೇಕು, ತಿರುಪು ತಿರುಗಿಸಿದಾಗ ಟಿಕ್ ಎಂದು ಕೈಗೆ ತಿಳಿಯಬೇಕು, ತಿರುಗಿಸಿದಷ್ಟೇ ಗುರಿ ಸರಿಯಬೇಕು, ವಾಪಸ್ ತಿರುಗಿಸಿದರೆ ಮೊದಲಿನ ಜಾಗಕ್ಕೇ ಬರಬೇಕು. ಪವರ್ ಮಾತ್ರ ಹದವಾಗಿದ್ದರೆ ಸಾಕು ಎಂದ.

"ಪವರ್ ಹದವಾಗಿದ್ರೆ ಸಾಕಾ? ರೀ, ಪವರ್ ಬಗ್ಗೆ ನನಗೆ ಹೇಳಿಕೊಡ್ತೀರಾ?" ಭಾವ ನಕ್ಕರು. "ದೂರದ್ದೂ ಹತ್ತಿರದ್ದೂ ಎರಡೂ ಇರೋ ಗಾಜು ಇದ್ಯಾ?"

"ಸ್ವಾಮೀ, ಇದು ಪೇಪರ್ ಓದೋಕಲ್ಲ."

"ಹಾಗಾದ್ರೆ ಇರೋದ್ರಲ್ಲೇ ದೊಡ್ಡ ಪವರ್‌ದು ಕೊಡಿ."

ಅಂಗಡಿಯವನು ಬೀರುವಿನ ಹಿಂದಿನಿಂದ ಉದ್ದನೆಯದೊಂದನ್ನು ತೆಗೆದ. "ಇದೊಂದಿದೆ. ಇದ್ರಲ್ಲಿ ಸ್ವಲ್ಪ ಜಾಸ್ತೀನೇ ಕಾಣುತ್ತೆ. ತಗೊಂಡೋರು ವಾಪಸ್ ತಂದು ಕೊಟ್ರು."

"ಯಾಕಂತೆ?" ಎಂದೆ ನಾನು.

"ಕೇಳ್ದೆ. 'ಹತ್ರ ಬರ್ತಾ ಇದೆ' ಅಂದ್ರು. ಸ್ಕೋಪ್ ಅಂದ್ಮೇಲೆ ಹತ್ರ ಬರ್ದೆ ದೂರ ಹೋಗುತ್ತಾ ಅಂತ ನಾನು ನಕ್ಕೆ. ಅವರು ನಗ್ಲಿಲ್ಲ. ಬಾಗಿಲಿಂದ ಹೊರಗೆ ಹೋಗೋವಾಗ ರಸ್ತೆ ಎರಡೂ ಕಡೆ ನೋಡಿ ಹೋದ್ರು."

ಭಾವ ಆಗಲೇ ಅದನ್ನು ಎತ್ತಿ ಎದುರು ಸಾಲಿನ ಔಷಧಿ ಅಂಗಡಿಯ ಬಾಟಲಿಗಳ ಚೀಟಿ ಓದುತ್ತಿದ್ದರು. "ನೋಡಯ್ಯಾ! ಕೆಮ್ಮಿನ ಔಷಧಿ, ಮಲಗೋ ಮುಂಚೆ, ಚೆನ್ನಾಗಿ ಕುಲುಕಿ!" ಎಂದು ಕೂಗಿದರು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಗುರಿಮೈದಾನ ಎಂದರೆ ಉದ್ದಕ್ಕೆ ಬೋಳು ನೆಲ. ಈ ತುದಿಯಲ್ಲಿ ಮಲಗಿ ಹೊಡೆಯಲು ಚಾಪೆಗಳು, ಆ ತುದಿಯಲ್ಲಿ ಒಂದು ಕಬ್ಬಿಣದ ತಟ್ಟೆ, ಅದರ ಹಿಂದೆ ಮಣ್ಣಿನ ದಿಬ್ಬ, ದಿಬ್ಬದ ಹಿಂದೆ ಎತ್ತರದ ಗೋಡೆ. ತಟ್ಟೆ ಬರಿಗಣ್ಣಿಗೆ ಸಾಸಿವೆಯಷ್ಟು. ಗುಂಡು ತಗುಲಿದರೆ ಠಣ್ ಎನ್ನುತ್ತದೆ, ಆದರೆ ಆ ಸದ್ದು ತಡವಾಗಿ ಬರುತ್ತದೆ. ಎಲ್ಲ ಮುಗಿದು ಮೌನವಾದ ಮೇಲೆ ಯಾರೋ ಬಾಗಿಲು ತಟ್ಟಿದ ಹಾಗೆ ಠಣ್ ಎಂದು ಬರುವ ಆ ಸದ್ದು ನನಗೆ ಮೊದಲ ದಿನದಿಂದಲೂ ಹಿಡಿಸಲಿಲ್ಲ.

ಗುರಿಮಾಸ್ತರು ಎತ್ತರದ ಮುದುಕರು, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದರು. ಸಿಪಾಯಿಗಿರಿ ಮುಗಿಸಿ ಬಂದವರು ಇಲ್ಲೇ ಉಳಿದು ಊರವರಿಗೆ ಗುರಿ ಹಿಡಿಯುವುದನ್ನು ಕಲಿಸುತ್ತಿದ್ದರು. ಸ್ಕೋಪನ್ನು ಸಂಘದ ಬಂದೂಕಿಗೆ ಕೂರಿಸಿದರು, ಅದರೊಳಗಿನ ಗುರಿಗೆರೆ ಓರೆಯಾಗದಂತೆ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ನೋಡಿದರು. ಆಮೇಲೆ ಸಂಘದ ಗುರಿಕಾರರೆಲ್ಲ ಒಬ್ಬೊಬ್ಬರಾಗಿ ಮಲಗಿ ನೋಡಿದರು, ಒಬ್ಬೊಬ್ಬರಾಗಿ ಎದ್ದರು. ಪವರ್ ಎಷ್ಟು ಇಳಿಸಿದರೂ ಉಸಿರಾಡಿದರೆ ತಟ್ಟೆ ಹಾರುತ್ತಿತ್ತು, ಎದೆ ಬಡಿದರೆ ದಿಬ್ಬ ನಡುಗುತ್ತಿತ್ತು. ಒಬ್ಬನಿಗೆ ತಲೆ ಸುತ್ತಿ ಬಂತು. ಇನ್ನೊಬ್ಬ ಮಾತೇ ಆಡದೆ ಮನೆಗೆ ಹೋದವನು ಮತ್ತೆ ಬರಲಿಲ್ಲ.

"ಇದನ್ನ ಆರಿಸಿದ ಮಹಾನುಭಾವ ಯಾರು?" ಎಂದರು ಮಾಸ್ತರು.

ಎಲ್ಲರೂ ಭಾವನ ಕಡೆ ಬೆರಳು ತೋರಿಸಿದರು.

"ಹಾಗಾದ್ರೆ ನೀನೇ ಹೊಡಿಯಪ್ಪಾ."

ಭಾವನಿಗೆ ಬೇಡ ಎನ್ನುವುದು ಗೊತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಂಗಡಿಯಲ್ಲಿ ಗಾಜು ಪರೀಕ್ಷಿಸುವ ಹಾಗೆ ಕಣ್ಣನ್ನು ಸ್ಕೋಪಿಗೆ ಒತ್ತಿಯೇ ಹಿಡಿದರು. "ನಾಲ್ಕು ಬೆರಳು ದೂರ ಇಡಪ್ಪಾ! ಸುತ್ತ ಕಪ್ಪು ಉಂಗುರ ಮಾಯ ಆಗೋಷ್ಟು ದೂರ!" ಎಂದು ಮಾಸ್ತರು ಕೂಗುವಷ್ಟರಲ್ಲಿ ಢಂ ಎಂದಿತು. ಬಂದೂಕು ಹಿಂದಕ್ಕೆ ಒದ್ದು ಸ್ಕೋಪಿನ ಬಾಯಿ ಭಾವನ ಹುಬ್ಬಿನ ಮೇಲೆ ದುಂಡನೆಯ ಮುದ್ರೆ ಒತ್ತಿತು.

ಆ ಮುದ್ರೆ ಹೊತ್ತು ಓಣಿಗೆ ಬಂದಾಗ ಎದುರು ಮನೆಯ ಪೆನ್ಷನ್ ಅಜ್ಜ ಮೂಗಿನ ಮೇಲೆ ಬೆರಳಿಟ್ಟರು. "ಲೋಟದಲ್ಲಿ ಹೊಡೆದಿದ್ದಾಳೆ. ಅಂಚು ನೋಡಿ, ಲೋಟಾನೇ" ಎಂದು ತೀರ್ಪು ಕೊಟ್ಟರು. ಮಹಡಿಯ ಮೇಲಿನ ಟೀಚರಮ್ಮ ಅಕ್ಕನನ್ನು ಕರೆದು, "ಎಷ್ಟೇ ಸಿಟ್ಟು ಬಂದ್ರೂ ಮುಖಕ್ಕೆ ಹೊಡೀಬಾರ್ದಮ್ಮಾ, ಅಂಗಡಿ ಇಟ್ಕೊಂಡಿರೋ ಗಂಡಸು" ಎಂದು ಬುದ್ಧಿ ಹೇಳಿದರು. ಅಕ್ಕ ಉರಿದು ಬಿದ್ದಳು. "ರೀ, ನಾಳೆ ಅಲ್ಲಿಗೆ ಹೋದ್ರೆ ನಿಜವಾಗ್ಲೂ ಲೋಟ ತಗೋತೀನಿ ನೋಡಿ!" ಎಂದಳು. ಭಾವ ಮರುದಿನ ಅವಳು ಬಟ್ಟೆ ಒಣಹಾಕುತ್ತಿರುವಾಗ ನನ್ನನ್ನು ಎಳೆದುಕೊಂಡು ಹೋದರು.

ಆ ದಿನ ಮಧ್ಯಾಹ್ನ ನಡೆದ ಮಾತುಕತೆಯನ್ನು ಕಿವಿಯಾರೆ ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ. ಅಚ್ಚಿನ ತಪ್ಪು ತಿದ್ದುವವನಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ. ಬಿಸಿಲಿಗೆ ನೆಲ ಕಾದು ಗಾಳಿ ನೀರಿನ ಹಾಗೆ ತೊಯ್ದಾಡುತ್ತಿತ್ತು. ಮಾಸ್ತರು ಭಾವನ ಪಕ್ಕದಲ್ಲಿ ಮಂಡಿಯೂರಿ, "ಗುಂಡು ಅಷ್ಟು ದೂರ ಹೋಗೋವಾಗ ಗಾಳಿ ಅದನ್ನ ತಳ್ಳುತ್ತೆ. ಗಾಳಿ ಕಣ್ಣಿಗೆ ಕಾಣಲ್ಲ, ಬಿಸಿಲ್ಗುದುರೆ ಕಾಣುತ್ತೆ. ಅದು ಯಾವ ಕಡೆಗೆ ಹೋಗುತ್ತೋ ಗಾಳೀನೂ ಆ ಕಡೆಗೇ. ನೋಡಿ ಹೇಳು, ಬಿಸಿಲ್ಗುದುರೆ ಕಾಣಿಸ್ತಿದ್ಯಾ?" ಎಂದರು.

ಭಾವ ಬಹಳ ಹೊತ್ತು ನೋಡಿದರು. "ಹಾಂ, ಕಾಣಿಸ್ತು."

"ಯಾವ ಕಡೆ ಓಡ್ತಿದೆ?"

"ಎಡಕ್ಕೆ."

"ಜೋರಾಗೋ, ಮೆಲ್ಲಗೋ?"

"ಮೆಲ್ಲಗೆ. ಓಡ್ತಾ ಇಲ್ಲ, ನಡೀತಾ ಇದೆ."

"ಭೇಷ್! ನಡೀತಾ ಇದೆ ಅಂತ ಎಷ್ಟು ಚೆನ್ನಾಗಿ ಹೇಳ್ದೆ! ಬಲಕ್ಕೆ ಎರಡು ಟಿಕ್ ತಿರುಗಿಸು. ಪವರ್ ಸ್ವಲ್ಪ ಇಳಿಸು, ಬಿಸಿಲ್ಗುದುರೆ ಚಿಕ್ಕದಾಗುತ್ತೆ."

"ಹೌದು, ಚಿಕ್ಕದಾಯ್ತು. ಮರಿ ಥರ ಕಾಣ್ತಿದೆ."

ಮಾಸ್ತರು ನಕ್ಕರು. ಭಾವ ಹೊಡೆದರು. ಮೌನ. ಆಮೇಲೆ ಆ ತುದಿಯಿಂದ ಠಣ್.

ಮುಂದಿನ ದಿನಗಳಲ್ಲಿ ಹೀಗೇ ನಡೆಯಿತು. ಮಾಸ್ತರು ಕೇಳುತ್ತಿದ್ದರು, ಭಾವ ಹೇಳುತ್ತಿದ್ದರು, ತಟ್ಟೆ ಠಣ್ ಎನ್ನುತ್ತಿತ್ತು. ಗಾಳಿ ಓದುವುದರಲ್ಲಿ ಇಂಥ ಶಿಷ್ಯನನ್ನು ಜನ್ಮದಲ್ಲಿ ಕಂಡಿಲ್ಲ ಎಂದರು ಮಾಸ್ತರು. ಕಂಬಕ್ಕೆ ಕ್ಷಮೆ ಕೇಳಿದ ಮನುಷ್ಯ ಊರಿನ ಗುರಿಕಾರನಾಗಿಬಿಟ್ಟ. ಕಾರ್ಯದರ್ಶಿ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ಮೈದಾನ ಉಳೀತು, ಮಾಸ್ತರ ಸೂರು ಉಳೀತು" ಎಂದು ಹೇಳಿಕೊಂಡು ಓಡಾಡಿದರು.

ಗುಟ್ಟು ಬಯಲಾದದ್ದು ಅಕ್ಕನ ಅಡುಗೆಮನೆಯಲ್ಲಿ. ಊಟ ಮಾಡುತ್ತಾ ಭಾವ ನಿಟ್ಟುಸಿರು ಬಿಟ್ಟರು. "ಪಾಪ, ಅದಕ್ಕೆ ಯಾರೂ ನೀರು ಇಡಲ್ಲ ಅನ್ಸತ್ತೆ. ಪಕ್ಕೆ ಎಲ್ಲ ಒಣಗಿದೆ."

"ಯಾವುದಕ್ಕೆ?" ಎಂದಳು ಅಕ್ಕ.

"ಅದೇ, ಮಾಸ್ತರ ಕುದುರೆ. ಬಿಸಿಲ್ಗುದುರೆ."

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಭಾವ, ಬಿಸಿಲ್ಗುದುರೆ ಅಂದ್ರೆ ಕುದುರೆ ಅಲ್ಲ. ಬಿಸಿಲಿಗೆ ಗಾಳಿ ಅಲೆ ಅಲೆಯಾಗಿ ಕಾಣುತ್ತಲ್ಲ, ಅದು. ನೀರಿದ್ದ ಹಾಗೆ ಕಾಣುತ್ತೆ, ಹತ್ರ ಹೋದ್ರೆ ಏನೂ ಇರಲ್ಲ. ಶಾಲೇಲಿ ಭಾಷೆ ಪಾಠ ಇದ್ದ ದಿನ ನೀವೆಲ್ಲಿಗೆ ಹೋಗಿದ್ರಿ?"

"ಅಲೇನೂ ಕಾಣುತ್ತೆ. ಅಲೆ ಮಧ್ಯೆ ಕುದುರೇನೂ ಕಾಣುತ್ತೆ. ಕಂದು ಬಣ್ಣ, ಹಣೆ ಮೇಲೆ ಬಿಳಿ ಮಚ್ಚೆ. ನೀನು ಅಚ್ಚಿನಲ್ಲಿ ಓದಿದ್ದು ಕಣಯ್ಯಾ, ನಾನು ಕಣ್ಣಲ್ಲಿ ನೋಡಿದ್ದು."

"ಮೈದಾನದಲ್ಲಿ ಯಾವ ಕುದುರೆ ಇದೆ?"

"ಅದೇ ನನಗೂ ಆಶ್ಚರ್ಯ. ಸ್ಕೋಪಿಂದ ಕಣ್ಣು ತೆಗೆದ್ರೆ ಕಾಣಲ್ಲ. ಅದಕ್ಕೆ ಜೀನು ಬೇರೆ ಕಟ್ಟಿದೆ, ಲಗಾಮು ಇದೆ. ಮೇಲೆ ಯಾರೂ ಇಲ್ಲ. ನೆರಳೂ ಇಲ್ಲ."

"ನಡು ಮಧ್ಯಾಹ್ನ ಯಾರಿಗೆ ನೆರಳು ಬೀಳುತ್ತೆ ಭಾವ?"

"ತಟ್ಟೆಗೆ ಸ್ವಲ್ಪ ಬಿದ್ದಿತ್ತು" ಎಂದರು ಭಾವ, ಮಜ್ಜಿಗೆ ಸುರಿದುಕೊಳ್ಳುತ್ತಾ. "ಮೊದಲ ದಿನ ಗೋಡೆ ಹತ್ರ ಇತ್ತು. ಆಮೇಲೆ ದಿಬ್ಬದ ಮೇಲೆ ನಿಂತಿತ್ತು. ಇವತ್ತು ದಿಬ್ಬ ಇಳಿದಿದೆ. ಹತ್ರ ಬರ್ತಾ ಇದೆ."

ಅಡುಗೆಮನೆಯ ಕಿಟಕಿಯಾಚೆ ಬೀದಿ ಖಾಲಿಯಾಗಿತ್ತು, ಬಿಸಿಲು ಬೆಳ್ಳಗೆ ಬಿದ್ದಿತ್ತು. ಅಂಗಡಿಯವನ ಮಾತು ನೆನಪಾಗಿ ನನಗೆ ಊಟ ಸೇರಲಿಲ್ಲ. ಅಕ್ಕ ಮಾತ್ರ ಸ್ವಲ್ಪ ಯೋಚಿಸಿ, "ಪಂದ್ಯ ಮುಗಿಯೋವರೆಗೆ ಇಬ್ಬರೂ ಬಾಯಿಗೆ ಬೀಗ ಹಾಕ್ಕೊಳ್ಳಿ. ಗುಂಡು ತಾಗ್ತಾ ಇದೆಯಲ್ಲ, ಕುದುರೆ ಇದ್ರೆ ಇರ್ಲಿ" ಎಂದಳು.

ನಮ್ಮ ಓಣಿಯಲ್ಲಿ ಬಾಯಿಗೆ ಬೀಗ ಹಾಕುವುದು ಎಂದರೆ ಕಿಟಕಿ ತೆರೆದಿಟ್ಟು ಬಾಗಿಲಿಗೆ ಬೀಗ ಹಾಕಿದಂತೆ. ಮಹಡಿಯ ಟೀಚರಮ್ಮನಿಗೆ ಕೇಳಿಸಿತು. ಮರುದಿನ ಮೈದಾನದಲ್ಲಿ ಅವರೂ ಹಾಜರು, ಪೆನ್ಷನ್ ಅಜ್ಜನೂ ಹಾಜರು. ಮಾಸ್ತರು ಬಂದೂಕು ಖಾಲಿ ಮಾಡಿಕೊಟ್ಟು ಆಚೆ ಹೋದಾಗ ಒಬ್ಬೊಬ್ಬರೂ ಸ್ಕೋಪಿಗೆ ಕಣ್ಣಿಟ್ಟರು. ನಾನೂ ಇಟ್ಟೆ. ಅಲೆಯಾಡುವ ಬಿಸಿಲು, ತಟ್ಟೆ, ದಿಬ್ಬ. ನನಗೆ ಕುದುರೆ ಕಾಣಲಿಲ್ಲ, ದೇವರು ದೊಡ್ಡವನು.

"ಅಬ್ಬಾ, ಎಂಥಾ ಬಿಳಿ ಕುದುರೆ!" ಎಂದರು ಟೀಚರಮ್ಮ.

"ಬಿಳಿ ಎಲ್ಲಿ ಬಂತಮ್ಮಾ? ಕಪ್ಪು. ಕಾಡಿಗೆ ಕಪ್ಪು. ನನಗೆ ಗುರುತು ಹಿಡೀತು, ತಲೆ ಆಡಿಸ್ತು" ಎಂದರು ಅಜ್ಜ.

ಇಬ್ಬರಿಗೂ ಏನೂ ಕಂಡಿಲ್ಲವೆಂದು ನನಗೆ ಗೊತ್ತು. ಆದರೆ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಲಿಲ್ಲವೆಂದರೆ ಮರ್ಯಾದೆ ಏನಾಗಬೇಕು? ಬಿಳಿ ಕುದುರೆಯವರು, ಕಪ್ಪು ಕುದುರೆಯವರು ಎಂದು ಓಣಿ ಎರಡು ಪಕ್ಷವಾಯಿತು. ಜಗಳ ನಲ್ಲಿಯವರೆಗೆ ಹೋಯಿತು. ಇದೆಲ್ಲ ತಮಾಷೆಯಾಗಿಯೇ ಇತ್ತು, ಎರಡು ದಿನದ ಮೇಲೆ ಅಜ್ಜ ಬಂದು ನಮ್ಮ ಜಗಲಿಯ ಮೇಲೆ ಕೂರುವ ತನಕ. ಅವರ ಮುಖ ಬಿಳಿಚಿಕೊಂಡಿತ್ತು. "ನಾನು ಸುಳ್ಳು ಹೇಳ್ದೆ ಕಣಮ್ಮಾ, ನನಗೆ ಯಾವ ಕುದುರೇನೂ ಕಂಡಿಲ್ಲ" ಎಂದರು ಅಕ್ಕನಿಗೆ. "ಆದ್ರೆ ಇವತ್ತು ಮಧ್ಯಾಹ್ನ ಬೀದೀಲಿ ಗೊರಸಿನ ಸದ್ದು ಕೇಳ್ತು. ಕಿಟಕಿ ತೆಗೆದು ನೋಡ್ದೆ. ಬೀದೀಲಿ ಒಂದು ನಾಯೀನೂ ಇರ್ಲಿಲ್ಲ. ಸದ್ದು ಮಾತ್ರ ನನ್ನ ಕಿಟಕಿ ದಾಟಿ ಹೋಯ್ತು, ಮೈದಾನದ ಕಡೆಗೆ." ಅಂದಿನಿಂದ ಓಣಿಯಲ್ಲಿ ಮಧ್ಯಾಹ್ನ ಯಾರೂ ಕಿಟಕಿ ತೆಗೆಯಲಿಲ್ಲ. ಕುದುರೆಯ ಬಣ್ಣದ ಮಾತೂ ನಿಂತಿತು.

ಪಂದ್ಯದ ದಿನ ಊರಿಗೆ ಊರೇ ಮೈದಾನದಲ್ಲಿತ್ತು. ಪುರಸಭೆಯ ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಕುರ್ಚಿಯ ಮೇಲೆ ಕೂತು ಆಗಲೇ ಮೈದಾನವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಇಲ್ಲಿ ಬಸ್ಸು, ಅಲ್ಲಿ ಬಸ್ಸು, ಮಾಸ್ತರ ರೂಮಿನ ಜಾಗದಲ್ಲಿ ಡೀಸೆಲ್ ಡ್ರಮ್ಮು ಎಂದು ಪಕ್ಕದವನಿಗೆ ತೋರಿಸುತ್ತಿದ್ದರು. ಪೊಲೀಸ್ ತಂಡದ ಇನ್ಸ್‌ಪೆಕ್ಟರ್ ಭಾವನ ದಪ್ಪ ಕನ್ನಡಕ ನೋಡಿ, "ಇವರು ನಮಗೆ ಗುರಿ ಇಡ್ತಾರೋ, ತಟ್ಟೆಗೆ ಇಡ್ತಾರೋ?" ಎಂದು ನಗಾಡಿದರು. ಆದರೆ ಅವರು ಹೊಡೆದಷ್ಟು ಸಲವೂ ಭಾವನೂ ಹೊಡೆದರು. ಠಣ್, ಠಣ್. ಎರಡೂ ತಂಡ ಸಮ ಸಮ. ಕೊನೆಯ ಸುತ್ತಿನಲ್ಲಿ ಇನ್ಸ್‌ಪೆಕ್ಟರರ ಗುಂಡು ಮಣ್ಣಿಗೆ ಹೋಯಿತು. ಉಳಿದದ್ದು ಭಾವನ ಒಂದೇ ಗುಂಡು. ತಗುಲಿದರೆ ಮೈದಾನ ನಮ್ಮದು.

ಮಾಸ್ತರು ಪಕ್ಕದಲ್ಲಿ ಮಂಡಿಯೂರಿದರು. "ಹೇಳಪ್ಪಾ, ಬಿಸಿಲ್ಗುದುರೆ ಯಾವ ಕಡೆ?"

"ಯಾವ ಕಡೆಗೂ ಇಲ್ಲ ಸಾರ್. ನಿಂತುಬಿಟ್ಟಿದೆ."

"ನಿಂತಲ್ಲೇ ಕುಣೀತಿದ್ಯಾ? ಹಾಗಾದ್ರೆ ಗಾಳಿ ಇಲ್ಲ. ತಿರುಪು ಮುಟ್ಟಬೇಡ. ನೇರ ಹೊಡಿ."

ಭಾವ ಹೊಡೆಯಲಿಲ್ಲ.

"ಹೊಡಿಯಪ್ಪಾ!"

"ಆಗಲ್ಲ ಸಾರ್" ಎಂದರು ಭಾವ. ಅವರ ದನಿ ಅಳುವಂತಿತ್ತು. "ತಟ್ಟೆಗೆ ಅಡ್ಡ ನಿಂತಿದೆ. ಹೊಡೆದ್ರೆ ಕುದುರೆಗೆ ಬೀಳುತ್ತೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಇನ್ಸ್‌ಪೆಕ್ಟರ್ ಗಹಗಹಿಸಿ ನಕ್ಕರು, ಸಾಹೇಬರು ಹೊಟ್ಟೆ ಹಿಡಿದುಕೊಂಡರು, ನಗು ಸಾಲಿನಿಂದ ಸಾಲಿಗೆ ಹರಡಿತು. "ಬಿಸಿಲ್ಗುದುರೆ ಅಂದ್ರೆ ಕುದುರೆ ಅಂದ್ಕೊಂಡಿದ್ದಾನೆ ಕಣ್ರೋ!" ಕಾರ್ಯದರ್ಶಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ನೆಲ ಬಾಯಿಬಿಟ್ಟರೆ ಸಾಕೆಂದು ನಿಂತಿದ್ದೆ. ನಗದವರು ನಮ್ಮ ಓಣಿಯವರು ಮಾತ್ರ. ಅವರೆಲ್ಲ ಒಬ್ಬರ ಹತ್ತಿರ ಒಬ್ಬರು ಸರಿದು ನಿಂತಿದ್ದರು. ಬಿಳಿಯವರೂ ಕಪ್ಪಿನವರೂ ಒಟ್ಟಿಗೇ.

ಮಾಸ್ತರೂ ನಗಲಿಲ್ಲ. "ಎಂಥಾ ಕುದುರೆ?" ಎಂದರು ಮೆಲ್ಲಗೆ.

"ಕಂದು. ಹಣೇಲಿ ಬಿಳಿ. ಜೀನು ಖಾಲಿ ಇದೆ. ನಮ್ಮನ್ನೇ ನೋಡ್ತಿದೆ ಸಾರ್. ಅಲ್ಲ, ನನ್ನನ್ನಲ್ಲ. ನಿಮ್ಮನ್ನ."

"ಸರಿ ಈ ಕಡೆ" ಎಂದು ಮಾಸ್ತರು ತಾವೇ ಮಲಗಿ ಕಣ್ಣಿಟ್ಟರು. ಬಹಳ ಹೊತ್ತು ಹಾಗೇ ಇದ್ದರು. ನಗು ತಾನಾಗಿ ಅಡಗಿತು. ಅವರು ಎದ್ದಾಗ ಮುಖದಲ್ಲಿ ಭಯವಿರಲಿಲ್ಲ. ಬಸ್ಸು ತಡವಾಗಿಯಾದರೂ ಬಂತಲ್ಲ ಎನ್ನುವವರ ಹಾಗೆ ಇತ್ತು.

"ಇಷ್ಟು ವರ್ಷ ಎಲ್ಲರನ್ನೂ ಕೇಳಿದ್ದೀನಿ, ಬಿಸಿಲ್ಗುದುರೆ ಕಾಣಿಸ್ತಾ ಅಂತ. ಎಲ್ಲರೂ ಕಾಣಿಸ್ತು ಸಾರ್ ಅಂದ್ರು. ಕಂಡಿದ್ದು ನಿನಗೊಬ್ಬನಿಗೇ" ಎಂದು ಭಾವನ ಭುಜ ತಟ್ಟಿದರು. "ಬಂದೂಕು ಖಾಲಿ ಮಾಡು. ನಾನು ಹೋಗಿ ಅದನ್ನ ಪಕ್ಕಕ್ಕೆ ಕಟ್ಟಿ ಬರ್ತೀನಿ, ಆಮೇಲೆ ಹೊಡಿ. ನಾನು ಬರೋ ತನಕ ಮುಟ್ಟಬೇಡ." ಕಂಬಕ್ಕೆ ಕೆಂಪು ಬಾವುಟ ಏರಿಸಿ ನಡೆಯತೊಡಗಿದರು.

ಎಳೆಯುವ ಕಾಲಿನ ಮುದುಕರು ಆ ಬಿಸಿಲಿನಲ್ಲಿ ಹೋಗುವುದನ್ನು ಊರೆಲ್ಲ ನೋಡಿತು. ಅಲೆಯಾಡುವ ಗಾಳಿ ಮೊದಲು ಅವರ ಪಾದ ನುಂಗಿತು, ಆಮೇಲೆ ಮಂಡಿ, ಆಮೇಲೆ ಸೊಂಟ. ನೀರಿಗಿಳಿದವರ ಹಾಗೆ ಹೋದರು. ತಲೆ ಸ್ವಲ್ಪ ಹೊತ್ತು ಒಂಟಿಯಾಗಿ ತೇಲಿತು. ಆಮೇಲೆ ಅದೂ ಇಲ್ಲ. ಬೋಳು ನೆಲ, ದಿಬ್ಬ, ಗೋಡೆ. ಸ್ಕೋಪಿಗೆ ಕಣ್ಣಿಟ್ಟಿದ್ದ ಭಾವ ಒಬ್ಬರೇ ಮಾತಾಡುತ್ತಿದ್ದರು.

"ಹತ್ರ ಹೋದ್ರು. ಕತ್ತು ಸವರಿದ್ರು. ಅದು ತಲೆ ತಗ್ಗಿಸ್ತು. ಕಾಲು ಎತ್ತಿದ್ರು... ಅಯ್ಯೋ, ಆಗ್ಲಿಲ್ಲ. ಆ ಕಾಲಲ್ಲ ಸಾರ್, ಇನ್ನೊಂದು ಕಾಲು! ಹಾಂ... ಹತ್ತಿದ್ರು!"

ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು.

ಹುಡುಕಿದೆವು. ಇನ್ಸ್‌ಪೆಕ್ಟರ್ ತಾವೇ ಮುಂದಾಗಿ ದಿಬ್ಬ ಹತ್ತಿಳಿದರು, ಗೋಡೆಯುದ್ದಕ್ಕೂ ನಡೆದರು. ಗೋಡೆಗೆ ಬಾಗಿಲಿಲ್ಲ, ಏಣಿಯಿಲ್ಲ, ಅಡಗಲು ಒಂದು ಪೊದೆಯಿಲ್ಲ. ಸಿಕ್ಕಿದ್ದು ಒಂದೇ, ಅದೂ ಇನ್ಸ್‌ಪೆಕ್ಟರರ ಬೂಟಿಗೆ. ಅವರು ಕಾಲೆತ್ತಿ ನೋಡಿ, "ಇದೇನು?" ಎಂದರು.

"ಲದ್ದಿ ಸಾರ್" ಎಂದ ಪೇದೆ. "ಕುದುರೆ ಲದ್ದಿ. ಇನ್ನೂ ಬಿಸಿಯಾಗಿದೆ."

"ಊರಲ್ಲಿ ಯಾರ ಹತ್ರ ಕುದುರೆ ಇದೆ?"

ಯಾರ ಹತ್ತಿರವೂ ಇರಲಿಲ್ಲ. ಇನ್ಸ್‌ಪೆಕ್ಟರ್ ಬೂಟು ಅಲ್ಲೇ ಬಿಟ್ಟು ಬರಿಗಾಲಲ್ಲಿ ಜೀಪು ಹತ್ತಿದರು. ಭಾವ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತರು. ನನಗೂ ದುಃಖವಾಯಿತು. ಭಯ ಅದಕ್ಕಿಂತ ಹೆಚ್ಚಾಯಿತು ಎಂದು ಒಪ್ಪಿಕೊಂಡರೆ ತಪ್ಪೇನಿಲ್ಲ.

ಇನ್ನು ಪಂದ್ಯದ ಮಾತು. ಸಾಹೇಬರು ಬಿಟ್ಟಾರೆಯೇ? ಭಾವ ಹೊಡೆಯಲಿಲ್ಲವಾದ್ದರಿಂದ ಸೋತ ಹಾಗೇ ಎಂದರು. ಕಾರ್ಯದರ್ಶಿಗೆ ಎಲ್ಲಿಂದಲೋ ಧೈರ್ಯ ಬಂತು. "ಒಳಗೆ ಹೋದವರು ಈಚೆ ಬರೋವರೆಗೆ ಬಾವುಟ ಇಳಿ‌ಸೋ ಹಾಗಿಲ್ಲ. ಬಾವುಟ ಇಳಿಯೋವರೆಗೆ ಗುಂಡು ಹಾರಿಸೋ ಹಾಗಿಲ್ಲ. ಗುಂಡು ಹಾರದೆ ಪಂದ್ಯ ಮುಗಿಯೋ ಹಾಗಿಲ್ಲ. ಎಲ್ಲ ಮೈದಾನದಲ್ಲೂ ಇದೇ ಕಾಯಿದೆ" ಎಂದರು. ಕೆಂಪು ಬಾವುಟ ಹಾರುತ್ತಲೇ ಇತ್ತು. ಭಾವ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಹೋಗಿ ಖಾಲಿ ಬಂದೂಕಿನ ಸ್ಕೋಪಿಗೆ ಕಣ್ಣಿಟ್ಟು ಮಲಗುತ್ತಿದ್ದರು.

"ಹೇಗಿದ್ದಾರೆ ಮಾಸ್ತರು?" ಎಂದು ಅಕ್ಕ ಕೇಳುತ್ತಿದ್ದಳು, ಆಸ್ಪತ್ರೆಗೆ ಹೋಗಿ ಬಂದವರನ್ನು ಕೇಳುವ ಹಾಗೆ.

"ಸವಾರಿ ಅಷ್ಟು ಬರಲ್ಲ ಅವರಿಗೆ. ಮೊದಲು ಬಿದ್ರು. ಈಗ ಪರವಾಗಿಲ್ಲ."

ಸಾಹೇಬರ ತಾಳ್ಮೆ ಮುಗಿದದ್ದು ಹೀಗೇ ಒಂದು ಮಧ್ಯಾಹ್ನ. ಒಂದು ಹಳೇ ಬಸ್ಸು ದೂಳೆಬ್ಬಿಸಿಕೊಂಡು ಬಂದು ಮೈದಾನದ ಅಂಚಿನಲ್ಲಿ ನಿಂತಿತು. ಸಾಹೇಬರು ಇಳಿದರು. ಕಾರ್ಯದರ್ಶಿ, ನಾನು, ಅಕ್ಕ, ಎಲ್ಲರೂ ಅಲ್ಲೇ ಇದ್ದೆವು.

"ಕುದುರೆಯಂತೆ, ಸವಾರಿಯಂತೆ! ನಿಮ್ಮ ಮಾತಲ್ಲಿ ಏನಾದ್ರೂ ಹುರುಳಿದೆಯೇನ್ರೀ?" ಎಂದು ಗುಡುಗಿದರು.

"ಇದೆ ಸಾರ್. ನೆನೆಸೇ ತಂದಿದ್ದೀನಿ" ಎಂದು ಅಕ್ಕ ಚೀಲ ಮುಂದಿಟ್ಟಳು. "ಕುದುರೆಗೆ ಹುರುಳಿ ಅಂದ್ರೆ ಪ್ರಾಣ ಅಲ್ವಾ? ಯಾರ ಕೈಲಿ ಕಳಿಸೋದು ಅಂತಾನೇ ಗೊತ್ತಾಗ್ತಿಲ್ಲ."

ಸಾಹೇಬರು ಕೆಂಪಾದರು. "ಸಾಕು! ಈಗ್ಲೇ, ನನ್ನ ಕಣ್ಣೆದುರಿಗೇ ಆ ಒಂದು ಗುಂಡು ಹೊಡೀರಿ. ತಗುಲಿದ್ರೆ ಮೈದಾನ ಇಟ್ಕೊಳ್ಳಿ. ಹೊಡೀಲಿಲ್ಲ ಅಂದ್ರೆ ಈ ಬಸ್ಸು ಒಳಗೆ ಬರುತ್ತೆ, ಇದರ ಹಿಂದೆ ಉಳಿದಿದ್ದೂ ಬರುತ್ತೆ."

ಭಾವ ಎದ್ದು ನಿಂತರು. ಜೀವಮಾನದಲ್ಲಿ ಮೊದಲ ಸಲ ಅವರು ಸ್ಕೋಪ್ ತಗೊಳ್ಳದೆ ಮಾತಾಡಿದರು. "ನಾನು ಹೇಳಿದ್ರೆ ನೀವು ನಂಬಲ್ಲ ಸಾರ್. ನೀವೇ ಮಲಗಿ ನೋಡಿ. ಅಲ್ಲಿ ಯಾರೂ ಇಲ್ಲ ಅಂತ ನೀವು ಹೇಳಿದ ತಕ್ಷಣ ಹೊಡೀತೀನಿ. ಆಣೆ."

"ಅದೇನು ಮಹಾ!" ಎಂದು ಸಾಹೇಬರು ಇಸ್ತ್ರಿ ಪ್ಯಾಂಟಿನ ಗೆರೆ ಕೆಡದಂತೆ ಜೋಪಾನವಾಗಿ ಮಂಡಿಯೂರಿ, ಕೊನೆಗೆ ಹೊಟ್ಟೆಯ ಮೇಲೆ ಮಲಗಿ ಕಣ್ಣಿಟ್ಟರು. "ನಾಲ್ಕು ಬೆರಳು ದೂರ ಸಾರ್" ಎಂದರು ಭಾವ. ಸಾಹೇಬರ ಕೈ ತಿರುಪನ್ನು ಒಂದೊಂದೇ ಟಿಕ್ ತಿರುಗಿಸುತ್ತಾ ಹೋಯಿತು.

ಕೈ ನಿಂತಿತು.

ನಾವು ಕಾದೆವು. ಗಾಳಿ ಇರಲಿಲ್ಲ. ಕೆಂಪು ಬಾವುಟ ಕಂಬಕ್ಕೆ ಅಂಟಿಕೊಂಡು ಜೋತುಬಿದ್ದಿತ್ತು. ಸಾಹೇಬರು ಕಣ್ಣು ತೆಗೆದು ಬರಿಗಣ್ಣಲ್ಲಿ ನೋಡಿದರು, ಮತ್ತೆ ಸ್ಕೋಪಿಗೆ ಕಣ್ಣಿಟ್ಟರು. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಆಮೇಲೆ ಎದ್ದರು. ಪ್ಯಾಂಟಿನ ಮಣ್ಣು ಕೊಡವಲಿಲ್ಲ, ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ತುದಿಗಾಲಲ್ಲಿ ಬಸ್ಸಿನ ತನಕ ನಡೆದು ಹೋಗಿ ಡ್ರೈವರನ ಕಿಟಕಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು.

"ಹಿಂದಕ್ಕೆ ತಗೋಪ್ಪಾ. ಮೆಲ್ಲಗೆ. ಹಾರ್ನ್ ಮಾಡ್ಬೇಡ, ಬೆದರುತ್ತೆ."